ಮಾದೇವಿಯ ಅವ್ವನನ್ನು ತಿದ್ದಿದ್ದು ಯಾಕೆ?

ರೀ,

ತಾಂಡ್ಯದ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದೀರಿ, ಎಬ್ಬಿಸಲಿಲ್ಲ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ.

ನನ್ನ ಕ್ಲಾಸಿನ ಮಕ್ಕಳಿಗೆ ‘ನನ್ನ ನಂಬಿಕೆ’ ಬಗ್ಗೆ ಬರೆಯಲು ಹೇಳಿದವಳು ನಾನು. ನಾನು ಮನೆಗೆ ತಂದಿಟ್ಟ ಆ ಹಾಳೆಗಳನ್ನು ತಿದ್ದಲು ನಿಮಗೆ ಯಾರು ಹೇಳಿದರು?

ಮಾದೇವಿ, ‘ನಮ್ಮವ್ವ ಬೈದ ದಿವ್ಸ ಮುದ್ದೆ ದೊಡ್ಡದಾಗಿ ಕಟ್ತಾಳೆ, ಅದ್ಕೇ ಅವಳ ಬೈಗುಳಾನೇ ನಂಬ್ತೀನಿ’ ಎಂದು ಬರೆದಿದ್ದಳು. ನೀವು ಅದನ್ನು ಹೊಡೆದುಹಾಕಿ ‘ಮಾತೃದೇವೋ ಭವ’ ಎಂದು ಗೀಚಿದ್ದೀರಿ. ಅದನ್ನು ಓದಿದರೆ ಗುಡಿಯೊಳಗಿನ ನಂಜುಂಡಪ್ಪನೂ ಆಕಳಿಸುತ್ತಾನೆ. ಹುಡುಗಿ ನಿನ್ನೆ ಅಳುತ್ತಾ, ‘ಇದು ನಮ್ಮವ್ವ ಅಲ್ಲ ಮಿಸ್’ ಅಂದಳು.

ಸಂಜೆ ಅವಳು ಮನೆಗೆ ಬರುತ್ತಾಳೆ. ಹೊಸ ಹಾಳೆ ಕೊಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತಿರಿ. ಅದಕ್ಕೂ ಮುಂಚೆ ‘ತಪ್ಪಾಯ್ತು’ ಅನ್ನಿ. ದೊಡ್ಡವರು ತಪ್ಪು ಒಪ್ಪಿಕೊಳ್ಳುತ್ತಾರೆಂದು ಇಡೀ ಕ್ಲಾಸಿನಲ್ಲಿ ಒಬ್ಬರೂ ಬರೆದಿಲ್ಲ.

ಪವಿತ್ರ