ಚೌಡಮ್ಮನ ದೀಪದ ವೈರು

ಹೊಸಮನೆ, ಭದ್ರಾವತಿ
೧೬ ನವೆಂಬರ್ ೨೦೦೮, ಭಾನುವಾರ ಮಧ್ಯಾಹ್ನ

ಪ್ರೀತಿಯ ಯೋಗಣ್ಣನಿಗೆ,

ಪ್ರೀತಿಯ ಎಂದು ಬರೆಯುವಾಗ ಈ ಸಲ ಕೈ ತಡೆಯಿತು. ಆದರೂ ಬರೆದಿದ್ದೇನೆ, ಹೊಡೆದುಹಾಕಿಲ್ಲ. ನಿನ್ನ ಸೊಂಟದ ನೋವು ಹೇಗಿದೆ? ಶಾರ್ಜಾದಲ್ಲಿ ಈಗಲಾದರೂ ಬಿಸಿಲು ಇಳಿದಿರಬೇಕು. ಗ್ಯಾರೇಜಿನ ತಗಡಿನ ಕೆಳಗೆ ಬಾನೆಟ್ಟಿಗೆ ಬಗ್ಗಿ ನಿಂತೇ ನಿನ್ನ ಸೊಂಟ ಹೋಗುತ್ತಿದೆ ಎಂದು ಅಮ್ಮನಿಗೆ ಚಿಂತೆ. ಹುರಳಿಕಾಳು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಟ್ಟುಕೊಳ್ಳಲು ಬರೆ ಅಂದಳು. ಅಲ್ಲಿ ಹುರಳಿ ಸಿಗುತ್ತದೆಯೇ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಪ್ಪನ ಸಕ್ಕರೆ ಹತೋಟಿಯಲ್ಲಿದೆ. ನಾನು ದುರ್ಗಿಗುಡಿಯ ಜೆರಾಕ್ಸ್ ಅಂಗಡಿಗೆ ಹೋಗಿ ಬರುತ್ತಿದ್ದೇನೆ, ಬಸ್ಸಿನಲ್ಲಿ ಓದುತ್ತೇನೆ, ಎಂದಿನ ಹಾಗೆ. ಇನ್ನು ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ನೀನು ನನ್ನ ಮಾತನ್ನು ಎರಡು ಸಲ ಅರ್ಧಕ್ಕೇ ಕಟ್ ಮಾಡಿದೆ. ಕಾಗದವನ್ನು ಕಟ್ ಮಾಡಲು ಆಗುವುದಿಲ್ಲ ಎಂದೇ ಇದನ್ನು ಬರೆಯುತ್ತಿದ್ದೇನೆ. ಹರಿದು ಹಾಕಬಹುದು. ಆದರೆ ಪೂರ್ತಿ ಓದಿ ಹರಿ.

ಆಯುಧಪೂಜೆಗೆ ಮೊದಲು ನೀನು ಕಳಿಸಿದ ಎಲ್ಇಡಿ ಬಲ್ಬುಗಳ ಪೊಟ್ಟಣ ಬಂದಾಗ ಅಪ್ಪ ಮಗುವಿನ ಹಾಗೆ ಕುಣಿದರು, ಅದನ್ನು ಮರೆಯುವುದಿಲ್ಲ. ನಮ್ಮ ಹಳೇ ಅಂಬಾಸಿಡರಿಗೆ ವಿದೇಶಿ ಕಣ್ಣು ಬಂತು ಎಂದು ಟ್ಯಾಕ್ಸಿ ಸ್ಟ್ಯಾಂಡಿನಲ್ಲೆಲ್ಲ ಹೇಳಿಕೊಂಡು ತಿರುಗಿದರು. ಶಿವಮೊಗ್ಗಕ್ಕೆ ಹೋಗಿ ಕೊಟ್ರಬಸಪ್ಪನ ಶೆಡ್ಡಿನಲ್ಲಿ ಹಾಕಿಸಿದೆವು, ನಾನೂ ಜೊತೆಗಿದ್ದೆ. ಹಾಕಿದ ಕೂಡಲೇ ಒಂದೊಂದೇ ತಕರಾರು ಶುರುವಾಯಿತು. ಹಿಂದಿನ ಎಡಗಡೆ ದೀಪ ಹತ್ತಲೇ ಇಲ್ಲ. ತಿರುಗಿಸಿ ಹಾಕಿದ ಮೇಲೆ ಹತ್ತಿತು, ಹಳೇ ಬಲ್ಬಿನ ಹಾಗೆ ಹೇಗೆಂದರೆ ಹಾಗೆ ಕೂರುವ ಜಾತಿಯಲ್ಲ ಅದು. ಆಮೇಲೆ ಇಂಡಿಕೇಟರ್ ಜೀರುಂಡೆಯ ಹಾಗೆ ಒಂದೇ ಸಮ ಕಿಟಕಿಟ ಎಂದು ಓಡತೊಡಗಿತು. ಹೊಸ ಬಲ್ಬು ಎಳೆಯುವ ಕರೆಂಟು ತೀರಾ ಕಡಿಮೆ, ಇಂಡಿಕೇಟರನ್ನು ಮಿಣುಕಿಸುವ ಹಳೇ ಫ್ಲಾಶರ್ ಅದನ್ನು ಬಲ್ಬೇ ಸುಟ್ಟಿದೆ ಎಂದು ತಿಳಿದುಕೊಳ್ಳುತ್ತದೆ. ಫ್ಲಾಶರ್ ಬದಲಿಸಿದ, ಅದೂ ಸರಿಹೋಯಿತು. ಕೊನೆಗೆ ಬ್ರೇಕ್ ಲೈಟು. ಪೆಡಲ್ ಮೇಲೆ ಯಾರ ಕಾಲೂ ಇಲ್ಲ, ಆದರೂ ಪಾರ್ಕಿಂಗ್ ಲೈಟ್ ಹಾಕಿದ ಕೂಡಲೇ ಬ್ರೇಕಿನ ಕೆಂಪು ಉರಿಯುತ್ತದೆ. ಕೊಟ್ರಬಸಪ್ಪ ಅಂಗೈ ಅಡ್ಡ ಹಿಡಿದು ನೋಡಿದ. ಉರಿಯುವುದು ಅವನಿಗೂ ಕಂಡಿತು. "ಎಲ್ಇಡಿ ಗುಣನೇ ಹಂಗೆ ಮಾರಾಯ್ತಿ, ಚೂರು ಉಸಿರು ಸಿಕ್ಕಿದ್ರೂ ಉರೀತದೆ. ಉರಿದ್ರೆ ನಿಮಗೇನು ನಷ್ಟ, ಚಂದ ಕಾಣಲ್ವಾ" ಅಂದ. ಹೊರಗೆ ಪೂಜೆಗೆ ಮುಂಚೆ ಆಗಬೇಕೆಂದು ಗಾಡಿಗಳ ಸಾಲು ನಿಂತಿತ್ತು. ಅಪ್ಪ ನಕ್ಕು ಕಾರು ಹತ್ತಿದರು. ಚಂದ ಕಾಣುತ್ತಿತ್ತು, ನಿಜ.

ದೀಪಾವಳಿಗೆ ಸ್ವಲ್ಪ ಮುಂಚೆ ಅಪ್ಪ ಶಿವಮೊಗ್ಗದಿಂದ ಖಾಲಿ ಬರುತ್ತಿದ್ದರು. ಮುಸ್ಸಂಜೆ. ಮಾಚೇನಹಳ್ಳಿ ದಾಟಿದ ಮೇಲೆ ಎಮ್ಮೆಯೊಂದು ರಸ್ತೆಗೆ ಇಳಿಯಿತು, ಅಪ್ಪ ಬ್ರೇಕ್ ಒತ್ತಿದರು, ಎಮ್ಮೆ ಉಳಿಯಿತು. ಹಿಂದೆ ಮೊಪೆಡ್ಡಿನಲ್ಲಿ ಬರುತ್ತಿದ್ದ ಚೌಡಯ್ಯ ಡಿಕ್ಕಿಗೆ ಬಂದು ಹೊಡೆದು ಬಿದ್ದ. ಇಷ್ಟು ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದು ಚೌಡಯ್ಯ ಯಾರು ಎನ್ನುವುದು, ಯಾಕೆಂದರೆ ನೀನು ಕೇಳಲೇ ಇಲ್ಲ. ಕಾರಿಗೆ ಏನಾಯಿತು ಎಂದು ಕೇಳಿದೆ. ಅವನು ಒಂದು ಎರಕದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ರಜೆ ಇಲ್ಲ, ಹಾಜರಿ ಪುಸ್ತಕದಲ್ಲಿ ಹೆಸರೂ ಇಲ್ಲ. ತೊಡೆಯ ಮೂಳೆ ಎರಡಾಗಿದೆ. ದೊಡ್ಡಾಸ್ಪತ್ರೆಯಲ್ಲಿ ಕಾಲಿಗೆ ಇಟ್ಟಿಗೆ ತೂಗುಹಾಕಿಕೊಂಡು ಮಲಗಿದ್ದಾನೆ, ಅವನ ಜಾಗಕ್ಕೆ ಆಗಲೇ ಇನ್ನೊಬ್ಬ ಬಂದಿದ್ದಾನೆ. ಇಷ್ಟು ಸಾಲದೆಂದು ಪೊಲೀಸರು ಅಜಾಗರೂಕತೆ ಎಂದು ಅವನ ಮೇಲೆಯೇ ಕೇಸು ಬರೆದರು. ಸ್ಟ್ಯಾಂಡಿನ ಕಾರ್ಯದರ್ಶಿ ನರಸಿಂಹಮೂರ್ತಿ ಠಾಣೆಗೆ ಹೋಗಿ ಬಂದು, "ಹಿಂದಿಂದ ಗುದ್ದಿದೋನ್ದೇ ತಪ್ಪು, ಇದು ಎಲ್ಲಾ ಕಡೆ ಕಾನೂನು. ಸಂಜೆ ಹೊತ್ತು ಬೇರೆ, ಏರಿಸ್ಕೊಂಡಿದ್ದ ಅಂತ ಒಂದು ಮಾತು ಹಾಕಿ ಬಂದೀನಿ, ನೀವು ಆರಾಮಿರಿ ಬಂಗಾರಣ್ಣ" ಎಂದು ಅಪ್ಪನಿಗೆ ಹೇಳಿದ. ಯಾರೂ ಚೌಡಯ್ಯನ ಬಾಯಿ ಮೂಸಿ ನೋಡಿರಲಿಲ್ಲ ಅಣ್ಣ. ಬಡವ ಸಂಜೆ ಹೊತ್ತಿನಲ್ಲಿ ಬಿದ್ದರೆ ಕುಡಿದೇ ಬಿದ್ದಿರಬೇಕು, ಅದಕ್ಕೆ ಸಾಕ್ಷಿ ಬೇಡ. ಇಂಥದ್ದನ್ನು ನಾನು ಕಾರ್ಮಿಕ ಸಂಘದ ಎಷ್ಟೋ ಪುಸ್ತಿಕೆಗಳಲ್ಲಿ ಓದಿದ್ದೇನೆ. ನಮ್ಮ ಮನೆಯ ಜಗಲಿಯ ಮೇಲೆ ಕೂತು ಟೀ ಕುಡಿಯುತ್ತ ಒಬ್ಬ ಅದನ್ನು ಹೇಳುತ್ತಾನೆ ಎಂದುಕೊಂಡಿರಲಿಲ್ಲ.

ನಾನು ಆಸ್ಪತ್ರೆಗೆ ಹೋದೆ. ಅಪ್ಪ ಬೇಡ ಅಂದರು, ಹೋದೆ. ಚೌಡಯ್ಯನ ಹೆಂಡತಿ ಕಲ್ಲಮ್ಮ ನಾನು ಯಾರೆಂದು ತಿಳಿದ ಮೇಲೆ ಮುಖ ತಿರುಗಿಸಿ, "ನೋಡಕ್ಕೆ ಬಂದ್ರಾ, ಇಲ್ಲ ವಾಸ್ನೆ ನೋಡಕ್ಕೆ ಬಂದ್ರಾ" ಅಂದಳು. ಚೌಡಯ್ಯನೇ ಸ್ಟೂಲು ತೋರಿಸಿದ. ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. "ಮಾಚೇನಹಳ್ಳಿ ಗೇಟಿಂದ್ಲೂ ನಿಮ್ಮಪ್ಪನ ಗಾಡಿ ಹಿಂದೇನೇ ಇದ್ದೆ ಕಣಮ್ಮ. ಬ್ರೇಕ್ ಲೈಟು ಉರೀತಾನೇ ಇತ್ತು. ಇದೇನಪ್ಪ, ಈ ಯಜಮಾನ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾನಲ್ಲ ಅಂತ ನಗ್ತಾ ಬರ್ತಿದ್ದೆ. ನಿಂತಿದ್ದು ಹೆಂಗೆ ಗೊತ್ತಾಗ್ಬೇಕು ನಂಗೆ" ಅಂದ. ಪೊಲೀಸರಿಗೂ ಇದನ್ನೇ ಹೇಳಿದನಂತೆ. ಕುಡಿದವನಿಗೆ ಎಲ್ಲ ದೀಪವೂ ಉರಿಯುತ್ತಿರುವ ಹಾಗೇ ಕಾಣುತ್ತದೆ ಎಂದು ನಕ್ಕರಂತೆ.

ಅವತ್ತೇ ಸಂಜೆ ಅಪ್ಪನನ್ನು ಬಲವಂತದಿಂದ ಕಾರಿನಲ್ಲಿ ಕೂರಿಸಿ, ಲೈಟು ಹಾಕಿಸಿ, ನಾನು ಹಿಂದೆ ರಸ್ತೆಯಲ್ಲಿ ದೂರ ಹೋಗಿ ನಿಂತೆ. ಅಪ್ಪ ಕೂಗಿದರು, "ಒತ್ತೀನಿ ಕಣೇ." ಆಮೇಲೆ, "ಬಿಟ್ಟೀನಿ." ಆಮೇಲೆ, "ಈಗ?" ಈಗ ಏನು ಮಾಡಿದ್ದಾರೆಂದು ನನಗೆ ತಿಳಿಯಲಿಲ್ಲ. ಡಿಕ್ಕಿಯ ಎರಡೂ ಕಡೆ ಕೆಂಪು ಸುಮ್ಮನೆ ಉರಿಯುತ್ತಿತ್ತು. ನಾನು ಕೈ ಬೀಸಿ ಕರೆದೆ, ಅಪ್ಪ ಇಳಿದು ಬಂದರು. "ನೀನು ಹೋಗಿ ಒತ್ತು" ಅಂದರು. ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಕನ್ನಡಿಯಲ್ಲಿ ನೋಡಿದರೆ ಅಪ್ಪ ಚೌಡಯ್ಯ ಬರುತ್ತಿದ್ದಷ್ಟು ದೂರದಲ್ಲಿ, ರಸ್ತೆಯ ನಡುವೆ, ಕೈ ಕೆಳಗೆ ಬಿಟ್ಟುಕೊಂಡು ನಿಂತಿದ್ದರು.

ಮರುದಿನ ನಾನು ಅಂಗಡಿಗೆ ಹೋಗದೆ ಟೆಸ್ಟ್ ಲ್ಯಾಂಪು ಹಿಡಿದು ಕೂತೆ. ಮನೆ ವೈರಿಂಗಿನ ಪುಸ್ತಿಕೆಯಲ್ಲಿ ಒಂದು ಪಾಠವಿದೆ: ಕರೆಂಟು ಎಲ್ಲಿಂದ ಬರುತ್ತಿದೆ ಎಂದು ಊಹಿಸಬೇಡ, ಒಂದೊಂದೇ ಬಿಡಿಸಿ ನೋಡು. ಹಿಂದಿನ ದೀಪದ ಅರ್ತ್ ಕಿತ್ತು, ತುಕ್ಕು ಉಜ್ಜಿ, ಮತ್ತೆ ಬಿಗಿದೆ. ಕೆಂಪು ಹೋಗಲಿಲ್ಲ. ಬ್ರೇಕ್ ಸ್ವಿಚ್ಚನ್ನೇ ಬಿಡಿಸಿದೆ. ಆಗಲೂ ಹೋಗಲಿಲ್ಲ. ಸ್ವಿಚ್ಚೇ ಇಲ್ಲದೆ ಬ್ರೇಕ್ ಲೈಟು ಉರಿಯಬೇಕಾದರೆ ಅದಕ್ಕೆ ಬೇರೆಲ್ಲಿಂದಲೋ ಅನ್ನ ಸಿಗುತ್ತಿದೆ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿ ಒಂದೊಂದೇ ಜೋಡಣೆ ಬಿಡಿಸುತ್ತ ಬಂದು, ಮೇಲಿರುವ ಚೌಡಮ್ಮ ದೇವಿಯ ಫೋಟೋ ದೀಪದ ಪಿನ್ನು ಎಳೆದೆ. ಹಿಂದೆ ನಿಂತಿದ್ದ ಅಮ್ಮ, "ಆರಿತು" ಅಂದಳು.

ನಿನಗೆ ನೆನಪಿದೆ, ಇದ್ದೇ ಇರುತ್ತದೆ. ಇಲ್ಲಿನ ಡ್ರೈವರುಗಳೆಲ್ಲ ದೇವರ ದೀಪವನ್ನು ಬ್ರೇಕ್ ವೈರಿಗೆ ಕೊಡುತ್ತಾರೆ. ಬ್ರೇಕ್ ಒತ್ತಿದಾಗ ದೇವಿಯ ಮುಖ ಬೆಳಗಬೇಕು. "ಕಾಲಿಡೋದು ನಾವು, ನಿಲ್ಸೋದು ಅವಳು" ಎನ್ನುತ್ತಾಳೆ ಅಮ್ಮ. ನೀನು ಊರು ಬಿಡುವ ಮುಂಚೆ, ಸಂಜೆ ಹೊತ್ತು ದೇವರು ಕತ್ತಲಲ್ಲಿ ಇರಬಾರದು ಎಂದು ಅವಳು ಹೇಳಿದ್ದಕ್ಕೆ, ನೀನೇ ಪಾರ್ಕಿಂಗ್ ಲೈಟಿನಿಂದ ಇನ್ನೊಂದು ವೈರು ಎಳೆದು, ಕರೆಂಟು ಕುಗ್ಗಿಸಲು ನಡುವೆ ಒಂದು ರೆಸಿಸ್ಟರ್ ಹಾಕಿ, ಅದೇ ದೀಪಕ್ಕೆ ಸೇರಿಸಿದೆ. ಲೈಟು ಹಾಕಿದರೆ ದೇವಿ ಮಂದವಾಗಿ, ಬ್ರೇಕ್ ಒತ್ತಿದರೆ ಪ್ರಖರವಾಗಿ. ಅಮ್ಮ ನಿನ್ನ ಜಾಣತನ ಹೇಳಿಕೊಂಡು ಕೇರಿಯೆಲ್ಲ ಸುತ್ತಿದ್ದಳು. ಆದರೆ ಆ ಎರಡು ವೈರು ಅಲ್ಲಿ ಸೇರಿದ ಮೇಲೆ, ಪಾರ್ಕಿಂಗಿನ ಕರೆಂಟು ದೇವಿಯ ದೀಪ ದಾಟಿ ಬ್ರೇಕ್ ವೈರಿನಲ್ಲಿ ಹಿಂದಕ್ಕೆ ಹೋಗುತ್ತದೆ. ಹಳೇ ಬಲ್ಬಿಗೆ ಅಷ್ಟು ಸಾಲುತ್ತಿರಲಿಲ್ಲ, ಆದ್ದರಿಂದ ಇಷ್ಟು ವರ್ಷ ಯಾರಿಗೂ ಕಾಣಲಿಲ್ಲ. ನೀನು ಕಳಿಸಿದ ಬಲ್ಬಿಗೆ ಅದೇ ಹೊಟ್ಟೆ ತುಂಬ. ಜೋಡಣೆಗೆ ಟೇಪಿನ ಬದಲು ಸೈಕಲ್ ಟ್ಯೂಬಿನ ಪಟ್ಟಿ, ಒಂದರ ಮೇಲೊಂದು ಓರೆಯಾಗಿ ಸುತ್ತಿ, ತುದಿ ಒಳಗೆ ಸಿಕ್ಕಿಸಿದ್ದು. ಇಡೀ ಭದ್ರಾವತಿಯಲ್ಲಿ ಹಾಗೆ ಸುತ್ತುವವನು ಒಬ್ಬನೇ. ಅಪ್ಪ ಬಗ್ಗಿ ಅದನ್ನು ಬೆರಳಿನಿಂದ ಮುಟ್ಟಿದರು.

ಇಲ್ಲಿಯವರೆಗೆ ನನಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ ಎಂದು ತಿಳಿದುಕೋ. ವೈರು ತಪ್ಪಾಗುತ್ತದೆ. ಅಮ್ಮನ ಮೇಲಿನ ಪ್ರೀತಿಯಿಂದ ಮಾಡಿದ್ದು. ನನ್ನ ಸಿಟ್ಟು ಶುರುವಾದದ್ದು ಫೋನಿನಲ್ಲಿ ನೀನು, "ಆ ವೈರು ಕಿತ್ತು ಬಿಸಾಕು, ಹಳೇ ಬಲ್ಬು ಹಾಕ್ಬಿಡು, ಯಾರಿಗೂ ಉಸಿರು ಬಿಡ್ಬೇಡ. ಪೊಲೀಸ್ ಕೇಸಲ್ಲಿ ಹೆಸರು ಬಂದ್ರೆ ನನ್ನ ಪಾಸ್‌ಪೋರ್ಟು ಏನಾಗ್ತದೆ ಗೊತ್ತಾ? ನಾಲ್ಕು ಕರಪತ್ರ ಓದಿದ್ರೆ ಪ್ರಪಂಚ ಗೊತ್ತಾಗಲ್ಲ ಮಾರಾಯ್ತಿ" ಅಂದಾಗ. ಆ ಕರಪತ್ರಗಳನ್ನು ನನಗೆ ಮೊದಲು ಓದಿ ಹೇಳಿದವನು ಯಾರು? ಅಪ್ಪ ಕಾರ್ಖಾನೆಯ ಗೇಟಿನ ಮುಂದೆ ಧರಣಿ ಕೂತಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ, ಗುತ್ತಿಗೆಯವನೂ ಮನುಷ್ಯ ಎಂದು ದಪ್ಪ ಅಕ್ಷರದಲ್ಲಿದ್ದ ಸಾಲಿನ ಮೇಲೆ ಬೆರಳಿಟ್ಟು ಓದಿಸಿದವನು ನೀನು. ಅಪ್ಪ ಬಿಸಿಲಿನಲ್ಲಿ ಕೂತದ್ದು ಚೌಡಯ್ಯನಂಥವರಿಗೇ. ಈಗ ಅದೇ ಚೌಡಯ್ಯ ನಮ್ಮ ಡಿಕ್ಕಿಗೆ ಬಡಿದು ಬಿದ್ದರೆ ಅವನು ಕುಡುಕ, ನಾವು ಆರಾಮಿರಬೇಕು. ಒಂದು ವೈರು ಕತ್ತರಿಸಿದರೆ ಸಾಕು, ಒಬ್ಬ ಮನುಷ್ಯ ಹೇಳಿದ ನಿಜ ಸುಳ್ಳಾಗುತ್ತದೆ. ಇಷ್ಟು ಸಲೀಸಾಗಿ ನೀನು ಅದನ್ನು ಹೇಳಿದೆಯಲ್ಲ, ಬಿಸಿಲಿಗೆ ನಿನ್ನ ಸೊಂಟ ಮಾತ್ರ ಹೋಗಿದೆ ಎಂದುಕೊಂಡಿದ್ದೆ.

ನೀನು ಅವನಿಗೂ ಫೋನ್ ಮಾಡಿ ಹೇಳಿದೆಯಂತೆ, ನರಸಿಂಹಮೂರ್ತಿ ಕಟಿಂಗ್ ಪ್ಲೇಯರ್ ಹಿಡಿದು ಬಂದೇಬಿಟ್ಟ. ಆಗ ತಡೆದವಳು ನಾನಲ್ಲ, ಅಮ್ಮ. ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಚೌಡಮ್ಮನ ದೀಪಕ್ಕೆ ಕತ್ರಿ ಹಾಕೋನು ಮೊದ್ಲು ನನ್ನ ಕೈ ಕತ್ರಿಸ್ಲಿ. ಸುಳ್ಳು ಮುಚ್ಚಕ್ಕೆ ದೇವರ ದೀಪ ಆರಿಸ್ತಾರೇನಯ್ಯ" ಅಂದಳು. ಆ ದೀಪ ಕಿತ್ತುಹಾಕು ಎಂದು ನಾನು ಅವಳ ಜೊತೆ ಎಷ್ಟು ವರ್ಷ ಜಗಳವಾಡಿದ್ದೇನೆ, ನೀನು ನಡುವೆ ಬಂದು ಇಬ್ಬರಿಗೂ ಬೈಯುತ್ತಿದ್ದೆ. ಈಗ ನಾನು ಅಂಗಡಿಗೆ ಹೋದಾಗ ಅವಳು, ಅವಳು ನೀರಿಗೆ ಹೋದಾಗ ನಾನು, ಚೌಡಮ್ಮನ ದೀಪ ಕಾಯುತ್ತಿದ್ದೇವೆ. ನಗು ಬಂದರೆ ನಗು. ಅವಳದು ಭಕ್ತಿ, ನನ್ನದು ಸಾಕ್ಷಿ. ಕಾಯುವ ಕೆಲಸ ಒಂದೇ.

ಮೊನ್ನೆ ಅಪ್ಪ ಯಾರಿಗೂ ಹೇಳದೆ ಬಿಳಿ ಅಂಗಿ ಹಾಕಿಕೊಂಡು ಠಾಣೆಗೆ ಹೋದರು. ನನ್ನ ಕಾರಿನ ಬ್ರೇಕ್ ಲೈಟು ಕೆಟ್ಟಿತ್ತು, ಆ ಹುಡುಗ ಹೇಳಿದ್ದು ನಿಜ, ಗಾಡಿ ಪರೀಕ್ಷೆ ಮಾಡಿಸಿ ಎಂದು ಬರೆದುಕೊಟ್ಟು ಬಂದರು. ಅಲ್ಲಿಂದ ನೇರ ಆಸ್ಪತ್ರೆಗೆ. ಕಲ್ಲಮ್ಮ ಈಗಲೂ ನಮ್ಮ ಜೊತೆ ಮಾತಾಡುವುದಿಲ್ಲ, ಮಾತಾಡಬೇಕಾಗಿಯೂ ಇಲ್ಲ. ಆದರೆ ಅಪ್ಪ ತಂದ ಗಂಜಿಯನ್ನು ಚೌಡಯ್ಯನಿಗೆ ಕುಡಿಸಿದಳಂತೆ. ಸ್ಟ್ಯಾಂಡಿನಲ್ಲಿ ಅಪ್ಪನಿಗೆ ಇನ್ನು ಜಾಗ ಇಲ್ಲ ಅಂದಿದ್ದಾರೆ. ಅಪ್ಪ ಸರಿ ಅಂದಿದ್ದಾರೆ. ಮುಂದಿನ ತಿಂಗಳ ಮೊದಲ ವಾರ ಮೋಟಾರ್ ಇನ್‌ಸ್ಪೆಕ್ಟರ್ ಬಂದು ಕಾರು ನೋಡುತ್ತಾರೆ. ಅಲ್ಲಿಯವರೆಗೆ ಅದು ಮನೆಯ ಮುಂದೆ ಯಾರೂ ಮುಟ್ಟದಂತೆ ನಿಂತಿದೆ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಹೊತ್ತಿಗೆ ಸರಿಯಾಗಿ ಉಣ್ಣು ಅಂದಿದ್ದಾಳೆ. ಅಪ್ಪ ನಾನು ಬರೆಯುವುದನ್ನು ನೋಡಿ ಒಂದು ಸಲ ಬಂದು ನಿಂತು ಹೋದರು. ಸೊಂಟ ನೋಡಿಕೋ.

ಸಿಟ್ಟಿನಲ್ಲಿಯೂ ನಿನ್ನವಳೇ ಆದ ತಂಗಿ,
ಸಮತಾ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನು ಬರೆಯಲೇಬೇಕು. ವೈರು ಎಳೆದವರು ಯಾರು ಎಂದು ಠಾಣೆಯಲ್ಲಿ ಕೇಳಿದ್ದಕ್ಕೆ ಅಪ್ಪ, "ನಾನೇ" ಅಂದಿದ್ದಾರೆ. ನನಗೆ ಇವತ್ತು ಗೊತ್ತಾಯಿತು. ಫ್ಯೂಸು ಹಾಕಲೂ ನಿನ್ನನ್ನು ಕೂಗುತ್ತಿದ್ದ ಮನುಷ್ಯ. ಇನ್‌ಸ್ಪೆಕ್ಟರ್ ಮಾಡಿ ತೋರಿಸು ಅಂದರೆ ಎಂದು ಹೆದರಿ, ಈಗ ಹಿತ್ತಿಲಲ್ಲಿ ಕೂತು, ಹಳೇ ಸೈಕಲ್ ಟ್ಯೂಬು ಪಟ್ಟಿ ಪಟ್ಟಿಯಾಗಿ ಸೀಳಿ, ಎರಡು ವೈರಿಗೆ ನಿನ್ನ ಹಾಗೆ ಓರೆಯಾಗಿ ಸುತ್ತಲು ಕಲಿಯುತ್ತಿದ್ದಾರೆ. ಬರುತ್ತಿಲ್ಲ. ಪಟ್ಟಿ ಜಾರುತ್ತದೆ, ಬಿಚ್ಚಿ ಮತ್ತೆ ಸುತ್ತುತ್ತಾರೆ. ನಾನು ಎಲ್ಲರ ಜೊತೆ ಜಗಳವಾಡಿದೆ, ಆದರೆ ಹಿತ್ತಿಲಿಗೆ ಹೋಗಿ ಅವರ ಕೈಯಿಂದ ಅದನ್ನು ಕಿತ್ತುಕೊಳ್ಳಲು ನನಗೆ ಆಗಲಿಲ್ಲ. ಅವರು ಕಲಿತುಬಿಡುವ ಮೊದಲು ನಿನ್ನ ಕೈಯಲ್ಲೇ ಠಾಣೆಗೆ ಒಂದು ಕಾಗದ ಬರೆದು ಕಳಿಸು.