ಕಿರುಬೆರಳಿನ ಕುಣಿತ

ಹೂರಾ, ಮನಾಮಾ
19 ಜುಲೈ 2025, ಶನಿವಾರ

ಪ್ರೀತಿಯ ಎವ್ಲಿನಕ್ಕ,

ಇಂದು ಬೆಳಿಗ್ಗೆ ಬಾಲ್ಕನಿಯಲ್ಲಿ ಎ.ಸಿ.ಯಿಂದ ತೊಟ್ಟಿಕ್ಕುವ ನೀರಿಗಾಗಿ ಮೂರು ಪಾರಿವಾಳಗಳು ಒಂದರ ಹಿಂದೊಂದು ನಿಂತಿದ್ದವು. ಮೊದಲನೆಯದು ಕುಡಿದು ಸರಿಯುವವರೆಗೆ ಎರಡನೆಯದು ಕೊಕ್ಕು ಮುಂದೆ ಮಾಡಲಿಲ್ಲ. ಅದನ್ನು ನೋಡುತ್ತಾ ನನ್ನ ಚಹಾ ಆರಿತು. ಒಳಗೆ ಹೋಗಿ ಬಿಸಿ ಮಾಡಿಕೊಳ್ಳೋಣವೆಂದರೆ ಕಾಲು ಅಷ್ಟು ನೋಯುತ್ತಿದೆ. ಯಾಕೆ ನೋವು ಎಂದು ಹೇಳುವುದಕ್ಕೇ ಈ ಪತ್ರ.

ನೀನು, ಭಾವ, ಪಾಪು ಹೇಗಿದ್ದೀರಿ? ನಿನ್ನ ಎರಡು ವಾಯ್ಸ್ ಮೆಸೇಜು ಬಂದು ಹನ್ನೆರಡು ದಿನವಾಯಿತು. ಅಕ್ಟೋಬರಿನಲ್ಲಿ ಪಾಪುವಿನ ಜ್ಞಾನಸ್ನಾನಕ್ಕೆ ನಾನು ಬರಬೇಕು, ಅವನನ್ನು ಎತ್ತಿಕೊಂಡು ಮಾದ್ರಿನ್ ಆಗಿ ನಿಲ್ಲಬೇಕು, ಅವನ ಧರ್ಮಮಾತೆ ನಾನೇ ಆಗಬೇಕು ಎಂದಿದ್ದೀ. ಉತ್ತರ ಕೊಡದೆ ಕುಳಿತದ್ದಕ್ಕೆ ಕ್ಷಮಿಸು. ಇಲ್ಲಿ ಹಿದ್ ಬಡಾವಣೆಯ ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದು ಅಮ್ಮನಿಗೆ ಹೇಳಿದ್ದು ಸುಳ್ಳು. ಹೂಂ ಎನ್ನಲೋ ಬೇಡವೋ ಎಂದು ತಿಳಿಯದೆ ಸುಮ್ಮನಿದ್ದೆ. ಇದು ಫೋನಿನಲ್ಲಿ ಹೇಳುವ ವಿಷಯವಲ್ಲ. ಗಿರಿಧರಣ್ಣ ಸೋಮವಾರ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳುಹಿಸುತ್ತೇನೆ.

ಗಿರಿಧರಣ್ಣ ನಮ್ಮ ಕೆಳಗಿನ ಮಹಡಿಯವರು, ಕಾಪುವಿನವರು. ಇಲ್ಲಿನ ಕಾರ್ಯಕ್ರಮಗಳಿಗೆ ಸೌಂಡ್ ಸಿಸ್ಟಮ್ ಹಾಕುತ್ತಾರೆ. ನಿನ್ನೆ ಬೇಸಿಗೆ ಜಾನಪದ ಉತ್ಸವದ ಎರಡು ಪಾಸು ಕೊಟ್ಟಿದ್ದರು. ನಾನೂ, ನನ್ನ ಜೊತೆ ಮನೆ ಹಂಚಿಕೊಂಡಿರುವ ಮ್ಯಾಗ್ಡಲಿನ್ ಮೌಶಿಯೂ ಹೋದೆವು. ಹೊರಗೆ ಕೊಲ್ಲಿಯ ಬಿಸಿಲು ನಲವತ್ತಮೂರು ಡಿಗ್ರಿ, ಸಭಾಂಗಣದ ಒಳಗೆ ಶಾಲು ಹೊದೆಯುವಷ್ಟು ಚಳಿ. ಫ್ರಾನ್ಸಿನ ಪಶ್ಚಿಮ ಕಡಲತೀರದ ಬ್ರಿಟನಿಯಿಂದ ಒಂದು ತಂಡ ಬಂದಿತ್ತು.

ಮೊದಲು ವಾದ್ಯ ಕೇಳಿಸಿತು. ಗಿರಿಧರಣ್ಣ ಮೈಕು ಬಿಟ್ಟು ಓಡಿ ಬಂದರು. "ಇದು ನಮ್ಮ ಮೌರಿಯೇ ಮಾರಾಯ್ತಿ. ಭೂತಕೋಲದಲ್ಲಿ ಊದುವುದು ಹೀಗೇ ಅಲ್ವಾ?" ಅಷ್ಟರಲ್ಲಿ ಬಾಗಿಲು ತೆರೆಯಿತು. ಮುಂದೆ ಸಂತರ ಚಿತ್ರದ ದೊಡ್ಡ ಪತಾಕೆ, ಹಿಂದೆ ಕಪ್ಪು ಉಡುಪಿನ, ತಲೆಗೆ ಬಿಳಿ ಲೇಸ್ ಕಟ್ಟಿದ ಹೆಂಗಸರು. ಮೌಶಿ ತಕ್ಷಣ ಶಾಲನ್ನು ತಲೆಗೆ ಎಳೆದುಕೊಂಡು ಶಿಲುಬೆಯ ಗುರುತು ಮಾಡಿ, ಮಂಡಿ ಊರಿಬಿಟ್ಟರು. ಅವರನ್ನು ನೋಡಿ ನಮ್ಮ ಸಾಲಿನ ಮಂಗಳೂರಿನವರೆಲ್ಲ ಕೈಮುಗಿದು ಎದ್ದು ನಿಂತರು. ಯಾರೋ ಜಪಸರವನ್ನೂ ತೆಗೆದರು. ಆಗ ಆ ಹೆಂಗಸರು ಎಡಕ್ಕೆ ಮೂರು ಹೆಜ್ಜೆ ಹಾಕಿ, ನಿಂತಲ್ಲೇ ಮೂರು ಹೆಜ್ಜೆ ತುಳಿದು, ಕೈಗಳನ್ನು ಗಾಲಿಯಂತೆ ತಿರುಗಿಸತೊಡಗಿದರು.

"ಜೆಜು ಮರಿಯೆ, ಸಿಸ್ಟರ್‌ಗಳು ಕುಣೀತಾರಲ್ಲ," ಎಂದರು ಮೌಶಿ ನೆಲದಿಂದಲೇ.

"ಸಿಸ್ಟರ್‌ಗಳಲ್ಲ ಮೌಶಿ, ಏಳಿ."

"ಮೊದ್ಲೇ ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ? ಓದಿದವಳಂತೆ."

ಈ ಕುಣಿತಕ್ಕೆ ಆನ್ ದ್ರೋ ಎನ್ನುತ್ತಾರೆ. ಜೋಡಿಯಿಲ್ಲ, ವಯಸ್ಸಿಲ್ಲ. ಒಬ್ಬರ ಕಿರುಬೆರಳಿಗೆ ಇನ್ನೊಬ್ಬರ ಕಿರುಬೆರಳು ಕೊಕ್ಕೆ ಹಾಕಿದರೆ ಸಾಲು ಬೆಳೆಯುತ್ತಾ ಹೋಗುತ್ತದೆ. ನೋಡುವವರೂ ಸೇರಬಹುದು. ನನ್ನ ಕಾಲು ಕುರ್ಚಿಯ ಕೆಳಗೇ ಹೆಜ್ಜೆ ಹಾಕುತ್ತಿತ್ತು ಅಕ್ಕ. ಆದರೆ ಬಾವಿಯ ರಾಟೆಗೆ ಸಿಕ್ಕಿದ ದಿನದಿಂದ ನನ್ನ ಎಡಗೈಯ ಕಿರುಬೆರಳು ಇರುವುದು ಅರ್ಧವೇ. ಸಾಲಿನ ಬಾಲದ ತುದಿಗೆ ಸೇರಿದರೆ ಒಂದೇ ಕೈ ಸಾಕಲ್ಲ ಎಂದುಕೊಂಡೆ. ಮತ್ತೆ ನೋಡಿದರೆ ಸಾಲು ಸಾಗುವುದು ಎಡಕ್ಕೆ. ಕೊನೆಯವಳು ಕೊಡಬೇಕಾದ್ದು ಎಡಗೈಯನ್ನೇ. ಬಲಗೈ ಒಂದನ್ನೇ ಕೊಡಬೇಕಾದರೆ ಎಲ್ಲರಿಗಿಂತ ಮುಂದೆ ನಿಂತು ಸಾಲನ್ನು ಎಳೆಯಬೇಕು. ನಾನು ಅದಕ್ಕೆ ಹುಟ್ಟಿದವಳಲ್ಲವೆಂದು ನಿನಗೆ ಗೊತ್ತು.

ಮೌಶಿ ಆಗಲೇ ಸಾಲಿನ ನಡುವೆ ನುಗ್ಗಿ, ಒಂದು ಚಪ್ಪಲಿ ಬಿಟ್ಟು ಕುಣಿಯುತ್ತಿದ್ದರು. ಬಾಲದಲ್ಲಿದ್ದ ಮುದುಕಿ, ಹೆಸರು ಸ್ವಾಜಿಕ್ ಎಂದು ಆಮೇಲೆ ತಿಳಿಯಿತು, ನನ್ನ ಮುಂದೆ ಹಾದು ಬೆರಳು ಚಾಚಿದಳು. ಎರಡನೇ ಸುತ್ತಿಗೂ ಚಾಚಿದಳು. ಮೂರನೇ ಸುತ್ತಿಗೆ ನಾನು ಎದ್ದು ಎಡಗೈ ಕೊಟ್ಟೆ.

ಅವಳ ಬೆರಳು ಹುಡುಕಿತು, ಸಿಗಲಿಲ್ಲ. ಒಮ್ಮೆ ಕೆಳಗೆ ನೋಡಿದಳು. ಪಕ್ಕದ ಬೆರಳಿಗೆ ಕೊಕ್ಕೆ ಹಾಕಿ ಮುಂದೆ ಎಳೆದಳು, ತಾಳ ಒಂದಿಷ್ಟೂ ತಪ್ಪಲಿಲ್ಲ. ಸ್ವಲ್ಪ ಹೊತ್ತಿಗೆ ಬೈಯತೊಡಗಿದಳು. ಬೆರಳಿಗೇ ಎಂದುಕೊಂಡು ಕೈ ಎಳೆದುಕೊಳ್ಳಲು ಹೋದೆ. ನೋಡಿದರೆ ಬೈಯುತ್ತಿದ್ದದ್ದು ನನ್ನ ಕಾಲಿಗೆ. "ಲೆಫ್ಟ್, ಲೆಫ್ಟ್," ಎಂದು ತನ್ನ ಬೂಟಿನಿಂದ ನನ್ನ ಪಾದವನ್ನು ತಳ್ಳುತ್ತಿದ್ದಳು. ಆ ಮುಕ್ಕಾಲು ಗಂಟೆ ಆಕೆಗೆ ನನ್ನಲ್ಲಿ ಕಂಡ ತಪ್ಪು ಅದೊಂದೇ. ನನ್ನ ಬಲಗೈಗೆ ಯಾರ್ಯಾರೋ ಬಂದು ಸೇರಿದರು, ಕೊನೆಗೆ ಗಿರಿಧರಣ್ಣನೂ. ನಾನು ನಗುತ್ತಿದ್ದೆನಂತೆ, ಹಲ್ಲು ಕಾಣುವ ಹಾಗೆ. ಮೌಶಿ ಹೇಳಿದರು. ಮುಂದಿನ ಶುಕ್ರವಾರವೂ ಹೋಗುತ್ತೇವೆ.

ಪಾಪುವಿನ ಎರಡು ಕೆನ್ನೆಗೂ ನನ್ನ ಮುತ್ತು. ದೇವರು ನಿಮ್ಮ ಮನೆಯನ್ನು ನಗುನಗುತ್ತಾ ಇಡಲಿ.

ನಿನ್ನ
ಆನ್ಸಿ

ತಾ.ಕ.: ಎರಡನೇ ಮೆಸೇಜಿನ ಕೊನೆಗೆ, "ಮದುವೆಗೆ ಹಾಕಿದ ಬಿಳಿ ಗ್ಲೌಸ್ ಮರೀಬೇಡ, ಫೋಟೋಗೆ ಬೇಕು," ಎಂದಿದ್ದೀ. ನಿನ್ನ ಮದುವೆಗೆ ಅದರ ಕಿರುಬೆರಳಿಗೆ ಹತ್ತಿ ತುಂಬಿ ಹೊಲಿದದ್ದು ನೀನೇ. ನನಗೆ ನಾಚಿಕೆಯಾಗಬಾರದೆಂದು ಮಾಡಿದೆ ಎಂದು ನಾಲ್ಕು ವರ್ಷ ನಂಬಲು ನೋಡಿದೆ. ನಾಚಿಕೆಯಾಗುತ್ತಿದ್ದದ್ದು ನಿನಗೆ ಅಲ್ಲವಾ ಅಕ್ಕ? ಕೋಪದಿಂದ ಕೇಳುತ್ತಿಲ್ಲ. ಗ್ಲೌಸ್ ತರುವುದಿಲ್ಲ. ಪಾಪುವನ್ನು ಬರಿಗೈಯಲ್ಲೇ ಎತ್ತಿಕೊಳ್ಳುತ್ತೇನೆ. ಅದು ಆಗದಿದ್ದರೆ ಭಾವನ ತಂಗಿ ಡೈನಾಳನ್ನು ಮಾದ್ರಿನ್ ಮಾಡು, ನಾನು ಬೆಂಚಿನಲ್ಲಿ ಕುಳಿತು ಅವನಿಗಾಗಿ ಪ್ರಾರ್ಥಿಸುತ್ತೇನೆ. ಟಿಕೆಟ್ ಇಂದು ಮಾಡಿಸಿದೆ.