ಹತ್ತಿರ ಇದ್ದವರ ಕೈ

ಭಾನುವಾರ, ಊಟದ ಹೊತ್ತು
ಡ್ರೆಸ್ಸಿಂಗ್ ಕೋಣೆ

ನನ್ನ ಹಟಮಾರಿ ಮಗಳಿಗೆ,

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ನಮ್ಮ ವ್ಯಾನ್ ಡ್ರೈವರ್ ಕಾಗದ ಕೈಗೆ ಕೊಡುವ ಮುಂಚೆಯೇ ಅರ್ಧ ಕಥೆ ಹೇಳಿ, ಅದಕ್ಕೆ ಉಪ್ಪು ಖಾರ ಹಚ್ಚಿ, ನಿನ್ನ ಜೀವ ಬಾಯಿಗೆ ತಂದಿರುತ್ತಾನೆ. ಅವನ ಮಾತನ್ನು ಪಕ್ಕಕ್ಕಿಡು. ಅವತ್ತು ಅವನು ಡೀಸೆಲ್ ಹಾಕಿಸಲು ಹೋಗಿದ್ದ, ಏನೂ ನೋಡಿಲ್ಲ. ನೋಡಿದವಳು ನಾನು.

ಇದೇ ಚೀಲದಲ್ಲಿ ಡಾಕ್ಟರಮ್ಮನ ಕಾಗದವೂ ಇದೆ. ನಿನ್ನ ಗಂಡ ನಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾನೆ, ನಿನ್ನನ್ನು ನೋಡಬೇಕು ಎನ್ನುತ್ತಿದ್ದಾನೆ, ಬರುವುದು ಬಿಡುವುದು ನಿನ್ನ ಇಷ್ಟ ಅಂತ ಅವರು ಬರೆದಿದ್ದಾರೆ. ರೋಗಿ ಕೇಳಿಕೊಂಡದ್ದನ್ನು ಅವರ ಮನೆಯವರಿಗೆ ಮುಟ್ಟಿಸಲೇಬೇಕು, ಆಮೇಲಿನದು ಮನೆಯವರಿಗೆ ಬಿಟ್ಟದ್ದು. ನಮ್ಮ ಸಂಸ್ಥೆಯ ಈ ಪದ್ಧತಿ ನಿನಗೂ ಗೊತ್ತು. ನೀನು ನಮ್ಮದೇ ಇನ್ನೊಂದು ಆಸ್ಪತ್ರೆಯಲ್ಲಿರುವುದನ್ನು ಮಾತ್ರ ಯಾರೂ ಬಾಯಿಬಿಟ್ಟಿಲ್ಲ, ಬಿಡುವುದೂ ಇಲ್ಲ. ಆ ಕಾಗದವನ್ನು ತಡೆಯಲು ನಾನು ನೋಡಿದೆ, ಸುಳ್ಳು ಯಾಕೆ ಹೇಳಲಿ. ಡಾಕ್ಟರಮ್ಮ ಒಪ್ಪಲಿಲ್ಲ. ಹಾಗಾದರೆ ನನ್ನದೂ ಒಂದು ಹೋಗಲಿ ಅಂದೆ. ನೀನು ಎರಡು ಸಲ ಅವನ ಕಣ್ಣೀರಿಗೆ ಕರಗಿ ವಾಪಸ್ ಹೋದವಳು. ಮೂರನೇ ಸಲ ಹೋಗಬಾರದು. ಈ ಕಾಗದ ಬರೆಯುತ್ತಿರುವುದು ಅಷ್ಟಕ್ಕೇ.

ಆದದ್ದು ಮಂಗಳವಾರ ಬೆಳಿಗ್ಗೆ. ರೋಗಿಗಳ ಸಾಲು ಬಾಗಿಲು ದಾಟಿ ರಸ್ತೆಗೆ ಬಂದಿತ್ತು. ಡಾಕ್ಟರಮ್ಮ ಆಪರೇಷನ್ ಕೋಣೆಯಲ್ಲಿ ಒಬ್ಬಳ ಹೆರಿಗೆ ಮಾಡಿಸುತ್ತಿದ್ದರು, ಹೊಟ್ಟೆ ಕೊಯ್ದಾಗಿತ್ತು, ಹೊರಗೆ ಬರುವ ಹಾಗಿರಲಿಲ್ಲ. ದೊಡ್ಡ ಸಿಸ್ಟರ್ ಸಾಲಿನಲ್ಲಿದ್ದ ಮಕ್ಕಳ ಜ್ವರ ನೋಡುತ್ತಿದ್ದರು. ನಾನು ಇಲ್ಲೇ, ಈ ಕೋಣೆಯಲ್ಲೇ, ಒಬ್ಬ ಅಜ್ಜನ ಕಾಲಿನ ಹುಣ್ಣು ತೊಳೆಯುತ್ತಿದ್ದೆ. ಆಗ ನಿನ್ನ ಗಂಡ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಬಂದ. ನಮ್ಮಲ್ಲಿ ಕಾವಲುಗಾರನಿಲ್ಲವಲ್ಲ, ಬಾಗಿಲಲ್ಲಿ ಯಾರನ್ನೂ ತಡೆಯಬಾರದು ಅಂತ ಸಂಸ್ಥೆ ಶುರು ಮಾಡಿದವರು ಹೇಳಿಹೋಗಿದ್ದಾರೆ. ಹೇಳಿದವರಿಗೆ ನಿನ್ನ ಗಂಡನ ಪರಿಚಯ ಇರಲಿಲ್ಲ.

ಸಾಲಿನಲ್ಲಿದ್ದವರನ್ನು ನೂಕಿಕೊಂಡೇ ಒಳಗೆ ನುಗ್ಗಿದ. ಬಸುರಿಯೊಬ್ಬಳು ಗೋಡೆಗೆ ಬಡಿದು ಕೂತುಬಿಟ್ಟಳು. ಗೆಳೆಯರು ಬೆಂಚು ಉರುಳಿಸಿದರು, ಮಕ್ಕಳ ತೂಕ ನೋಡುವ ಯಂತ್ರವನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದರು. ಅವನು ಸಲೈನ್ ಬಾಟಲಿ ನೇತುಹಾಕುವ ಕಬ್ಬಿಣದ ಕೋಲನ್ನು ಕೈಗೆ ತೆಗೆದುಕೊಂಡ. ದೊಡ್ಡ ಸಿಸ್ಟರ್ ಅಡ್ಡ ನಿಂತು, ತಮ್ಮಾ, ಮಕ್ಕಳಿದಾವೆ ಇಲ್ಲಿ, ಬಾ ಕೂತ್ಕೊಂಡು ಮಾತಾಡೋಣ ಅಂದರು. ಮಾತು ಮುಗಿಯುವ ಮುಂಚೆ ಆ ಕೋಲನ್ನು ಅವರ ಮುಖಕ್ಕೆ ಅಡ್ಡಡ್ಡ ಬೀಸಿದ. ಒಣಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಅವರು ನನ್ನ ಕೋಣೆಯ ಹೊಸ್ತಿಲ ಹತ್ತಿರ ಬಂದು ಬಿದ್ದರು. ನಿನಗೆ ಜ್ವರ ಬಂದಾಗಲೆಲ್ಲ ಪಕ್ಕದಲ್ಲಿ ಕೂತು ಬೆಳಗು ಮಾಡಿದ ಹೆಂಗಸು. ಅವರ ಹಲ್ಲುಗಳು ನನ್ನ ಕಾಲ ಹತ್ತಿರ ಬಂದು ನಿಂತವು. ಸಾಲಿನಲ್ಲಿದ್ದವರೆಲ್ಲ ಚೆಲ್ಲಾಪಿಲ್ಲಿಯಾಗಿ ರಸ್ತೆಗೆ ಓಡಿದರು.

ಆಮೇಲೆ ನನ್ನ ಸರದಿ. ಎಲ್ಲಿ ಬಚ್ಚಿಟ್ಟಿದೀಯ ಅವಳನ್ನ, ಹೇಳು ಮುದುಕಿ ಅಂದ. ಅತ್ತೆ ಹೋಗಿ ಮುದುಕಿ ಆಗಿದ್ದೆ. ಗೊತ್ತಿಲ್ಲ ಅಂದೆ. ಕೋಲು ಬಿಸಾಕಿ, ಜುಟ್ಟು ಹಿಡಿದು ಕೈ ತೊಳೆಯುವ ಬೇಸಿನ್ನಿನ ಅಂಚಿಗೆ ತಲೆ ಕುಟ್ಟಿದ. ಗೊತ್ತಿಲ್ಲ ಅಂದೆ. ಮತ್ತೆ ಕುಟ್ಟಿದ. ನಿನ್ನ ಹಟ ಎಲ್ಲಿಂದ ಬಂತು ಅಂತ ಎಲ್ಲರೂ ಕೇಳುತ್ತಾರಲ್ಲ, ಆ ಹೊತ್ತಿಗೆ ನನಗೇ ಉತ್ತರ ಸಿಕ್ಕಿತು. ಹುಣ್ಣಿನ ಅಜ್ಜ ಕೂತಲ್ಲಿಂದಲೇ ಕಾಲು ತೊಳೆದ ಕೊಳಕು ನೀರಿನ ಬೋಗುಣಿಯನ್ನು ಅವನ ಮೇಲೆ ಎಸೆದರು. ಎಷ್ಟು ಧೈರ್ಯ ನೋಡು. ಅದಕ್ಕೆ ಅವನು ತಿರುಗಿ, ಬಿಚ್ಚಿಟ್ಟ ಹುಣ್ಣಿನ ಮೇಲೇ ಬೂಟುಗಾಲಿನಿಂದ ಒದ್ದ. ಅಜ್ಜನ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ನನ್ನ ತಲೆಗೆ ಏನೂ ಆಗಿಲ್ಲ, ಊದಿಕೊಂಡಿತ್ತು, ಇಳಿಯುತ್ತಿದೆ.

ಮತ್ತೆ ನನ್ನ ಕಡೆ ಬಂದು ಮುಷ್ಟಿ ಬೀಸಿದ. ನಾನು ಕುಸಿದು ಕೂತೆ. ಮುಷ್ಟಿ ನನ್ನ ತಲೆಯ ಮೇಲಿಂದ ಹೋಗಿ ಔಷಧಿ ಬೀರುವಿನ ಗಾಜು ಒಡೆದು, ತೋಳಿನವರೆಗೂ ಒಳಗೆ ಹೋಯಿತು. ಅವನು ಸುಮ್ಮನೆ ನಿಂತಿದ್ದರೆ ಗೀರಿನಲ್ಲಿ ಮುಗಿಯುತ್ತಿತ್ತೇನೋ. ಸಿಟ್ಟಿನಲ್ಲಿ ಕೈಯನ್ನು ರಪ್ಪನೆ ಎಳೆದುಕೊಂಡ. ತೋಳಿನ ಒಳಭಾಗ ಸೀಳಿಹೋಯಿತು. ರಕ್ತ ಸೋರಲಿಲ್ಲ, ಚಿಮ್ಮಿತು, ಗೋಡೆಗೆ, ನನ್ನ ಮುಖಕ್ಕೆ, ಅಜ್ಜನ ಬಿಳಿ ಅಂಗಿಗೆ. ಗೆಳೆಯರು ನೋಡಿದ್ದೇ ತಡ ಕಾಲಿಗೆ ಬುದ್ಧಿ ಹೇಳಿದರು. ಅವನು ಒಂದು ಕ್ಷಣ ತನ್ನ ಕೈಯನ್ನೇ ಬೆಪ್ಪನ ಹಾಗೆ ನೋಡಿ, ಮಂಡಿ ಮಡಚಿ ಬಿದ್ದ. ನನಗೆ ಖುಷಿಯಾಯಿತು. ಬರೆಯಲು ನಾಚಿಕೆಯೇನಿಲ್ಲ, ತುಂಬಾ ಖುಷಿಯಾಯಿತು.

ಆದರೆ ಇಲ್ಲಿ ಕೆಲಸಕ್ಕೆ ಸೇರಿದ ದಿನ ನಮಗೆ ಹೇಳಿಕೊಡುವ ಮೊದಲ ಪಾಠ ನಿನಗೂ ಹೇಳಿಕೊಟ್ಟಿರುತ್ತಾರೆ. ರಕ್ತ ಹರಿಯುವಾಗ ಹತ್ತಿರ ಇದ್ದವರ ಕೈ ಮೊದಲು ಹೋಗಬೇಕು. ಯಾರು, ಏನು, ಯಾಕೆ ಅಂತ ಕೇಳಬಾರದು. ಇಟ್ಟ ಕೈಯನ್ನು ಇನ್ನೊಂದು ಕೈ ಬಂದು ಮೇಲೆ ಕೂರುವವರೆಗೂ ತೆಗೆಯಬಾರದು. ಗುಡಿಸುವವರಿಂದ ಡಾಕ್ಟರಮ್ಮನವರೆಗೆ ಎಲ್ಲರಿಗೂ ಒಂದೇ ಪಾಠ. ಇಷ್ಟು ವರ್ಷ ಮಾಡಿ ಮಾಡಿ ನನ್ನ ಕೈಗೆ ಅದು ಎಷ್ಟು ರೂಢಿಯಾಗಿದೆ ಎಂದರೆ, ಮನಸ್ಸು ಖುಷಿಪಡುತ್ತಿರುವಾಗಲೇ ಕೈ ಹೋಗಿ ಅವನ ತೋಳನ್ನು ಒತ್ತಿ ಹಿಡಿದಿತ್ತು.

ಕೂತೆ. ಅವನ ತಲೆ ನನ್ನ ತೊಡೆಯ ಮೇಲೆ. ಬಿಸಿ ರಕ್ತ, ಬೆರಳಿನ ಕೆಳಗೆ ಅವನ ನಾಡಿ ಕುಟ್ಟುತ್ತಿದೆ. ಇದೇ ನೆಲದ ಮೇಲೆ ನಿನ್ನನ್ನು ಕೂರಿಸಿಕೊಂಡು ನಿನ್ನ ಒಡೆದ ತುಟಿ ತೊಳೆದಿದ್ದೆ. ಬಾಗಿಲ ಸಂದಿಯಲ್ಲಿ ಇಟ್ಟು ಅವನು ಮುರಿದ ನಿನ್ನ ಬೆರಳಿಗೆ ಪಟ್ಟಿ ಕಟ್ಟಿದ್ದೆ. ಬೆನ್ನ ಮೇಲಿನ ಸುಟ್ಟ ಗಾಯ ನೋಡಿ ಇದೇನೇ ಅಂದಾಗ, ಬಿಸಿನೀರು ಬಿತ್ತಮ್ಮ ಅಂದೆಯಲ್ಲ. ಇಸ್ತ್ರಿಪೆಟ್ಟಿಗೆಯ ಮೂತಿ ಎಂಥ ಗುರುತು ಮಾಡುತ್ತದೆ ಅಂತ ನನಗೆ ಗೊತ್ತಿಲ್ಲವೇ. ಆಗ ಕಟ್ಟಿದ್ದೂ ಈ ಕೈ, ಈಗ ಒತ್ತಿದ್ದೂ ಈ ಕೈ. ಅತ್ತೆ, ಬಿಡಬೇಡಿ ಅಂದ. ಆಗಿನ ಮುದುಕಿ ಈಗ ಮತ್ತೆ ಅತ್ತೆ ಆಗಿದ್ದೆ. ಬಿಡಲ್ಲ ಸುಮ್ನಿರು ಅಂದೆ. ಆಮೇಲೆ ನನ್ನ ಕಿವಿಯ ಹತ್ತಿರ ಇನ್ನೇನೋ ಗೊಣಗಿದ, ಹೊರಗಿನ ಗಲಾಟೆಯಲ್ಲಿ ಸರಿಯಾಗಿ ಕೇಳಿಸಲಿಲ್ಲ. ದೊಡ್ಡ ಸಿಸ್ಟರ್ ಬಾಯಲ್ಲಿ ರಕ್ತ ಸುರಿಸಿಕೊಂಡೇ ಹೊಸ್ತಿಲಿಂದ ತೆವಳಿಕೊಂಡು ಬಂದರು. ಅವರ ಕೈ ಬಂದು ಮೇಲೆ ಕೂತಿತು. ಇಬ್ಬರೂ ಹಾಗೇ ಒತ್ತಿಕೊಂಡು ಕೂತಿದ್ದೆವು. ಒಳಗೆ ಮಗು ಅತ್ತಿದ್ದು ಕೇಳಿಸಿತು, ಆಮೇಲೆ ಡಾಕ್ಟರಮ್ಮ ಬಂದರು.

ಬದುಕಿದ. ನಮ್ಮ ಡ್ರೈವರೇ ರಕ್ತ ಕೊಟ್ಟ, ಇಡೀ ದಿನ ಗೊಣಗಿಕೊಂಡು. ಬಲಗೈಯ ಬೆರಳುಗಳು ಇನ್ನು ಮಡಚುವುದಿಲ್ಲ, ಗಾಜು ನರವನ್ನೇ ಕತ್ತರಿಸಿದೆ ಅಂತ ಡಾಕ್ಟರಮ್ಮ ಹೇಳಿದರು. ದೊಡ್ಡ ಸಿಸ್ಟರ್ ಅವರ ಮುರಿದ ದವಡೆಗೆ ತಂತಿ ಕಟ್ಟಿದ್ದಾರೆ. ಮಾತಾಡುವ ಹಾಗಿಲ್ಲ, ಕುತ್ತಿಗೆಗೆ ಒಂದು ಸ್ಲೇಟು ನೇತುಹಾಕಿಕೊಂಡು ಓಡಾಡುತ್ತಾರೆ. ಮನೆಗೆ ಹೋಗಿ ಮಲಗಿ ಅಂದರೆ ಕೇಳುತ್ತಾರೆಯೇ. ತಮಗೆ ಕೊಳವೆಯಲ್ಲಿ ಹಾಲು, ಅವನಿಗೆ ಚಮಚದಲ್ಲಿ ಊಟ. ತಿನ್ನಿಸುವವರು ಅವರೇ. ನನ್ನಿಂದ ನೋಡಲಾಗುವುದಿಲ್ಲ, ಆ ಹೊತ್ತಿಗೆ ನಾನು ಬಟ್ಟೆ ಒಗೆಯುವ ಕಡೆ ಹೋಗಿಬಿಡುತ್ತೇನೆ.

ಈಗ ವಾರ್ಡಿನ ವಿಷಯ ಕೇಳು. ನಿನ್ನ ಗಂಡ ಅಲ್ಲಿ ಎಲ್ಲರ ಕಣ್ಮಣಿ. ಅಕ್ಕಪಕ್ಕದ ಮಂಚದವರಿಗೆ ಅಣ್ಣ, ಅಕ್ಕ ಅನ್ನುತ್ತಾನೆ. ಹೆಂಡತಿಯ ಕಾಲು ಹಿಡೀತೀನಿ, ಒಂದೇ ಸಲ ಕರೆಸಿ ಅಂತ ಗೊಳೋ ಎಂದು ಅಳುತ್ತಾನೆ. ಕೈ ಬೇರೆ ಹೋಗಿದೆ, ಪಾಪ ಅಂತ ಎಲ್ಲರೂ ಲೊಚಗುಟ್ಟುತ್ತಾರೆ. ಅವನಿಗೆ ಹಣ್ಣು ಸುಲಿದು ಕೊಡುವ ಒಬ್ಬ ರೋಗಿಯ ಹೆಂಡತಿ ನನ್ನ ಹತ್ತಿರ ಬಂದು, ಎಷ್ಟಾದ್ರೂ ಗಂಡ ಅಲ್ವಾ ಆಯಮ್ಮಾ, ಹೊಟ್ಟೆಗೆ ಹಾಕ್ಕೋಬೇಕು ಅಂದಳು. ನನ್ನ ಹೊಟ್ಟೆಯಲ್ಲಿ ಜಾಗ ಇಲ್ಲ ತಾಯಿ ಅಂದೆ. ಬಾಗಿಲಲ್ಲಿ ಪೊಲೀಸಿನವನು ಕೂತಿದ್ದಾನೆ. ವಾಸಿಯಾದ ಮೇಲೆ ಕರೆದುಕೊಂಡು ಹೋಗುತ್ತಾರಂತೆ. ಹೆಂಡತಿ ಬಂದು ಸಂಸ್ಥೆಯವರಿಗೆ ಒಂದು ಮಾತು ಹೇಳಿದರೆ ದೂರು ವಾಪಸ್ ತೆಗೆದುಕೊಳ್ಳುತ್ತಾರೆ ಅಂತ ಅವನಿಗೆ ಯಾರೋ ಕಿವಿಯೂದಿದ್ದಾರೆ. ಕಣ್ಣೀರು ಶುರುವಾದದ್ದು ಅದಾದ ಮೇಲೆ. ಇದು ಡಾಕ್ಟರಮ್ಮನ ಕಾಗದದಲ್ಲಿ ಇರುವುದಿಲ್ಲ, ಅವರಿಗೆ ಗೊತ್ತಿಲ್ಲ. ಮಂಚದ ಕೆಳಗೆ ಒರೆಸುವವಳಿಗೆ ಎಲ್ಲ ಕೇಳಿಸುತ್ತದೆ, ಅವಳು ನನಗೆ ಹೇಳಿದಳು.

ನಿನ್ನೆ ಶನಿವಾರದ ಸಭೆಯಿತ್ತು. ಎಲ್ಲರೂ ಚಾಪೆ ಹಾಕಿಕೊಂಡು ಸುತ್ತ ಕೂತು, ಆ ವಾರ ತಾವು ಮಾಡಿದ ತಪ್ಪನ್ನು ತಾವೇ ಹೇಳಿಕೊಳ್ಳುವ ಸಭೆ. ಬಾಯಿಬಿಟ್ಟು ಹೇಳಿದವರಿಗೆ ಶಿಕ್ಷೆಯಿಲ್ಲ, ಬೈಗುಳವಿಲ್ಲ, ಮುಂದೆ ಹಾಗಾಗದಂತೆ ಏನು ಮಾಡಬೇಕು ಅಂತ ಮಾತು ಅಷ್ಟೇ. ಡಾಕ್ಟರಮ್ಮ ಎಡಗಿವಿಯ ಔಷಧಿಯನ್ನು ಬಲಗಿವಿಗೆ ಹಾಕಿದ್ದನ್ನೂ ಅಲ್ಲೇ ಹೇಳಿದ್ದು, ನೆನಪಿದೆಯಾ. ನಾನು ಯಾವತ್ತೂ ಏನೂ ಹೇಳಿದವಳಲ್ಲ, ತಪ್ಪೇ ಮಾಡದ ಮಹಾತಾಯಿ ಅಂತ ಡ್ರೈವರ್ ರೇಗಿಸುತ್ತಿದ್ದ. ನಿನ್ನೆ ಹೇಳಿದೆ. ಆ ರಕ್ತದಲ್ಲಿ ನನ್ನ ಕೈ ಜಾರಿ ಸ್ವಲ್ಪ ಹೊತ್ತು ಹಿಡಿತ ತಪ್ಪಿತು ಅಂದೆ. ಯಾರಿಗಾದ್ರೂ ಆಗುತ್ತಮ್ಮ, ಇನ್ಮೇಲೆ ಮಡಚಿದ ಬಟ್ಟೆ ಇಟ್ಟು ಒತ್ತೋಣ ಅಂದರು ಡಾಕ್ಟರಮ್ಮ. ಎಲ್ಲರೂ ನನ್ನನ್ನು ಎಷ್ಟು ಅಕ್ಕರೆಯಿಂದ ನೋಡಿದರು ಗೊತ್ತಾ, ತನ್ನ ಮಗಳನ್ನು ಬಡಿದವನನ್ನು ಉಳಿಸಿದ ಹೆಂಗಸು ಅಂತ. ಬಟ್ಟೆ ಒಗೆಯುವವನು ತನ್ನ ಪಾಲಿನ ಟೀಯನ್ನೂ ನನಗೇ ಕೊಟ್ಟ. ದೊಡ್ಡ ಸಿಸ್ಟರ್ ಎದುರಿಗೇ ಕೂತಿದ್ದರು. ಸ್ಲೇಟಿನ ಮೇಲೆ ಬಳಪ ಇಟ್ಟವರು ಏನೂ ಬರೆಯದೆ ಕೆಳಗಿಟ್ಟರು.

ನೀನು ಅಲ್ಲಿ ಇಂಜೆಕ್ಷನ್ ಕೊಡುವುದು ಕಲಿತೆಯಂತೆ, ಮಕ್ಕಳು ಅಳದ ಹಾಗೆ ಚುಚ್ಚುತ್ತೀಯಂತೆ. ಡ್ರೈವರ್ ಹೇಳಿದ ಮಾತುಗಳಲ್ಲಿ ಇದೊಂದನ್ನು ಮಾತ್ರ ನಾನು ಪೂರ್ತಿ ನಂಬಿದೆ. ಮೊನ್ನೆ ಏನೋ ಹೇಳುತ್ತಾ ಜೋರಾಗಿ ನಕ್ಕೆಯಂತೆ. ನಿನ್ನ ನಗು ಕೇಳಿ ನನಗೆ ವರ್ಷಗಳಾದವು. ಅಲ್ಲೇ ಇರು. ಡಾಕ್ಟರಮ್ಮನಿಗೆ ಬರುವುದಿಲ್ಲ ಅಂತ ಎರಡೇ ಅಕ್ಷರ ಬರೆದು ಇದೇ ವ್ಯಾನಿನಲ್ಲಿ ಕಳಿಸು. ಕಾರಣ ಕೊಡಬೇಡ, ಕೊಟ್ಟರೆ ಅವನು ಅದಕ್ಕೊಂದು ಉತ್ತರ ಹುಡುಕುತ್ತಾನೆ. ಅವನ ಕೈಯನ್ನು ನೆನೆದು ನಿನ್ನ ಕರುಳು ಚುರ್ ಎಂದರೆ ನಿನ್ನ ಬೆರಳನ್ನೊಮ್ಮೆ ನೋಡಿಕೋ, ಇನ್ನೂ ಸೊಟ್ಟಗೇ ಇದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಚಿಂತೆ ಬೇಡ.

ನಿನ್ನನ್ನು ಹೆತ್ತ,
ಅಮ್ಮ

ಮತ್ತೊಂದು ಮಾತು: ಇದನ್ನು ಮೇಲೆಯೇ ಬರೆಯಬೇಕಿತ್ತು, ಆಗಲಿಲ್ಲ. ನಿನ್ನ ಗಂಡ ನನ್ನ ಕಿವಿಯ ಹತ್ತಿರ ಹೇಳಿದ್ದು ನನಗೆ ಚೆನ್ನಾಗಿಯೇ ಕೇಳಿಸಿತು. ಬದುಕಿಕೊಂಡ್ರೆ ಅವಳನ್ನ ಹುಡುಕಿ ಮುಗಿಸ್ತೀನಿ, ಹೆಣ ತೊಳೆಯೋಳು ನೀನೇ ಅಂದ. ನಾನು ಕೈ ತೆಗೆದೆ. ಜಾರಲಿಲ್ಲ, ತೆಗೆದೆ. ಸೀರೆಗೆ ಒರೆಸಿಕೊಂಡು ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತೆ. ಅವನ ತುಟಿ ಬೆಳ್ಳಗಾಗುವವರೆಗೂ ಕೂತೇ ಇದ್ದೆ. ದೊಡ್ಡ ಸಿಸ್ಟರ್ ತೆವಳಿ ಬಂದು, ನನ್ನ ಕೈಯನ್ನು ಹಿಡಿದೆಳೆದು ಗಾಯದ ಮೇಲೆ ಒತ್ತಿ, ಮತ್ತೆ ತೆಗೆಯದ ಹಾಗೆ ತಮ್ಮ ಕೈಯನ್ನು ಅದರ ಮೇಲಿಟ್ಟರು. ಉಳಿಸಿದವರು ಅವರು, ನಾನಲ್ಲ. ಈ ಕಾಗದವನ್ನು ಸುಡುತ್ತೀಯೋ ಡಾಕ್ಟರಮ್ಮನಿಗೆ ತೋರಿಸುತ್ತೀಯೋ ನಿನಗೆ ಬಿಟ್ಟದ್ದು. ಆದರೆ ನೀನು ಬಂದು, ಅವನ ಜೊತೆ ಹೋಗಿ, ಮತ್ತೆ ಮೈಯೆಲ್ಲ ನೀಲಿಗಟ್ಟಿಸಿಕೊಂಡು ಈ ಕೋಣೆಗೆ ಬಂದರೆ, ಅವನ ಹತ್ತಿರ ನಾನೊಬ್ಬಳೇ ಇರುವ ಹೊತ್ತನ್ನು ನಾನೇ ಹುಡುಕಿಕೊಳ್ಳುತ್ತೇನೆ.